ಕಣದ ಮೇಟಿ, ಕಂಪ್ಯೂಟರಿನ ಮೇಟು

ನಾವು ನಾಲ್ಕು ಜನ. ಒಬ್ಬ ಚನ್ನಗಿರಿ ಕಡೆಯವ, ಒಬ್ಬ ಹೊನ್ನಾಳಿಯವ, ಒಬ್ಬಾಕೆ ನ್ಯಾಮತಿ ತಾಲೂಕಿನ ತಾಂಡಾದಾಕೆ, ಇನ್ನೊಬ್ಬ ಜಗಳೂರು ಕಡೆಯ ಕೇರಿಯವ. ನಾಲ್ಕು ಮನೆಗಳಲ್ಲೂ ನಮಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಾಲ್ವರಿಗೂ ಸೇರಿ ಒಂದೇ ಕಂಪ್ಯೂಟರ್. ಒಬ್ಬರು ಮೌಸ್ ಹಿಡಿದರೆ ಮೂವರು ಹಿಂದೆ ನಿಂತು ಕತ್ತು ಚಾಚಬೇಕು. ಹೀಗೆ ನಿಂತು ನಿಂತೇ ನಮಗೆ 'ನಾವು' ಎನ್ನುವ ಮಾತು ರೂಢಿಯಾಯಿತು. ಈ ಬರಹದಲ್ಲೂ ಯಾರ ಅವ್ವ ಯಾರ ಅಜ್ಜ ಎಂದು ಬಿಡಿಸಿ ಹೇಳಲು ಹೋಗುವುದಿಲ್ಲ. ಒಬ್ಬರ ಅವ್ವ ನಾಲ್ವರಿಗೂ ಅವ್ವನೇ.

ಮೊದಲ ದಿನ ಮೇಷ್ಟ್ರು 'ಇವತ್ತು ಅಸೆಂಬ್ಲಿ ಮಾಡೋಣ' ಎಂದಾಗ ನಾವು ಮುಖ ಮುಖ ನೋಡಿಕೊಂಡೆವು. ನಮ್ಮೂರುಗಳಲ್ಲಿ ಅಸೆಂಬ್ಲಿ ಅಂದರೆ ಬೆಂಗಳೂರಿನದು. ಜಗಳೂರು, ಚನ್ನಗಿರಿ, ಹೊನ್ನಾಳಿ ಒಂದೊಂದು ಕ್ಷೇತ್ರ. ನ್ಯಾಮತಿ 2018ರಲ್ಲಿ ಹೊಸ ತಾಲೂಕಾದರೂ ಓಟು ಹಾಕುವುದು ಹೊನ್ನಾಳಿ ಕ್ಷೇತ್ರಕ್ಕೇ. ಇಲ್ಲಿ ನೋಡಿದರೆ ಅಸೆಂಬ್ಲಿ ಎಂದರೆ ಬೇರೆ ಬೇರೆ ಬಿಡಿಸಿ ಬರೆದ ಭಾಗಗಳನ್ನು ಪರದೆಯ ಮೇಲೆ ಒಟ್ಟುಗೂಡಿಸಿ ಯಂತ್ರವಾಗಿ ನಿಲ್ಲಿಸುವುದು. (ನಮ್ಮ ಜಿಲ್ಲೆಯೂ ಅಂಥದೇ ಒಂದು ಜೋಡಣೆ. 1997ರ ಆಗಸ್ಟ್ 15ರ ತನಕ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಅಡಿಕೆ ತೋಟದ ನೆರಳನ್ನೂ ಜಗಳೂರಿನ ಬರವನ್ನೂ ಒಂದೇ ನಕ್ಷೆಯೊಳಗೆ ಕೂರಿಸಿದರು.)

ನಾವು ಒಂದು ಡ್ರಮ್ಮು, ಒಂದು ಶಾಫ್ಟು, ಎರಡು ಬೇರಿಂಗು ತಂದು ಹಾಕಿದೆವು. ಡ್ರಮ್ಮನ್ನು ತಿರುಗಿಸೋಣವೆಂದು ಮೌಸಿನಿಂದ ಹಿಡಿದು ಎಳೆದರೆ ಅದು ಗಾಳಿಪಟದಂತೆ ಹಾರಿ ಪರದೆಯ ಮೂಲೆಗೆ ಹೋಗಿ ನಿಂತಿತು. ಮತ್ತೆ ಎಳೆದರೆ ಬೇರಿಂಗಿನ ಹೊಟ್ಟೆಯೊಳಗಿಂದ ಹಾದು ಆ ಕಡೆ ಬಂತು. ಕಬ್ಬಿಣದೊಳಗೆ ಕಬ್ಬಿಣ ನುಗ್ಗುವುದನ್ನು ನಾವು ಮೊದಲ ಸಲ ನೋಡಿದ್ದು.

'ಮೇಟ್ ಹಾಕಿಲ್ಲ ನೀವು, ಅದಕ್ಕೇ ಹಾರಾಡ್ತಿದೆ' ಅಂದರು ಮೇಷ್ಟ್ರು.

ಮೇಟು! ನಮ್ಮಜ್ಜ ಕಣದ ನಡುವೆ ನೆಡುತ್ತಿದ್ದ ಕಂಬ ಮೇಟಿ. ಅದಕ್ಕೆ ಎತ್ತುಗಳನ್ನು ಕಟ್ಟಿ ತೆನೆ ತುಳಿಸುತ್ತಿದ್ದರು. ಇಂಗ್ಲಿಷಿನ ಮೇಟಿಗೂ ನಮ್ಮ ಮೇಟಿಗೂ ಹುಟ್ಟಿನ ನಂಟೇನೂ ಇಲ್ಲ ಎಂಬುದು ನಮಗೆ ಗೊತ್ತು. ಆದರೂ ಆವತ್ತು ಪಾಠ ನಮ್ಮ ತಲೆಗೆ ಹೊಕ್ಕಿದ್ದು ಅಜ್ಜನ ಕಂಬದಿಂದಲೇ. ಬಯಲಿಗೆ ಬಿಟ್ಟ ಎತ್ತು ಎಲ್ಲಿಗೆ ಬೇಕಾದರೂ ಹೋದೀತು. ಮೇಟಿಗೆ ಕಟ್ಟಿದ ಎತ್ತಿಗೆ ಸುತ್ತುವುದೊಂದೇ ಉಳಿಯುತ್ತದೆ.

ಗೆಳೆಯರೇ, ಈ ವಿದ್ಯೆಯ ಮೂಲ ಬಹಳ ಸರಳ. ಆಕಾಶದಲ್ಲಿ ತೇಲುವ ಯಾವ ಗಟ್ಟಿ ವಸ್ತುವಿಗೂ ಆರು ಚಲನೆಗಳಿರುತ್ತವೆ. ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ ಸರಿಯುವುದು ಮೂರು. ಆ ಮೂರು ದಿಕ್ಕುಗಳನ್ನೇ ಅಚ್ಚು ಮಾಡಿಕೊಂಡು ತಿರುಗುವುದು ಇನ್ನು ಮೂರು. ಇಂಗ್ಲಿಷಿನವರು ಇದನ್ನು 'ಡಿಗ್ರೀಸ್ ಆಫ್ ಫ್ರೀಡಂ' ಅನ್ನುತ್ತಾರೆ. ಸ್ವಾತಂತ್ರ್ಯದ ಡಿಗ್ರಿ. ಒಂದು ನಟ್ಟಿಗೂ ಹುಟ್ಟುವಾಗ ಆರು ಸ್ವಾತಂತ್ರ್ಯ! ಇದನ್ನು ಕೇಳಿದ ರಾತ್ರಿ ಹಾಸ್ಟೆಲಿನಲ್ಲಿ ನಾವು ಇದರ ಮೇಲೊಂದು ಕವಿತೆ ಬರೆದೆವು. ಬೆಳಿಗ್ಗೆ ಓದಿದರೆ ಬರೀ ಘೋಷಣೆಯಂತೆ ಕಂಡು ಹರಿದು ಹಾಕಿದೆವು. ಯಂತ್ರ ಕಟ್ಟುವುದೆಂದರೆ ಈ ಆರರಲ್ಲಿ ಬೇಡದ್ದನ್ನು ಒಂದೊಂದಾಗಿ ಕಿತ್ತುಕೊಂಡು, ಬೇಕಾದ್ದನ್ನು ಮಾತ್ರ ಉಳಿಸುವುದು. ಬೇಡ, ಬೇಕು ಎಂದು ಹೇಳುವವರು ಯಾರು ಎಂಬ ಪ್ರಶ್ನೆ ಪಠ್ಯಪುಸ್ತಕದಲ್ಲಿರಲಿಲ್ಲ.

ಬೀಸುವ ಕಲ್ಲು ನೋಡಿ. ಕೆಳಗಿನ ಕಲ್ಲು ನೆಲಕ್ಕೆ ಕಚ್ಚಿಕೊಂಡಿದೆ, ಅದಕ್ಕೆ ಸೊನ್ನೆ. ಮೇಲಿನ ಕಲ್ಲಿನ ತೂತಿಗೆ ನಡುಗೂಟ ಸಿಕ್ಕಿಸಿದೊಡನೆ ನಾಲ್ಕು ಹೋದವು. ಉಳಿದದ್ದು ಎರಡು: ಸುತ್ತುವುದು ಮತ್ತು ಮೇಲಕ್ಕೇಳುವುದು. ಮೇಲಕ್ಕೆ ಏಳದ ಹಾಗೆ ತಡೆಯುವುದು ಕಲ್ಲಿನ ಭಾರ. ಕಂಪ್ಯೂಟರಿಗೆ ಭಾರ ಗೊತ್ತಿಲ್ಲ. 'ಈ ಕಲ್ಲಿನ ತಳ ಆ ಕಲ್ಲಿನ ನೆತ್ತಿಗೆ ತಾಗಿರಲಿ' ಎಂದು ಇನ್ನೊಂದು ಮೇಟು ಹಾಕಿದರೆ ಮಾತ್ರ ಕೇಳುತ್ತದೆ. ಬಂಡಿಯ ಗಾಲಿಯೂ ಹೀಗೇ. ಅಚ್ಚಿಗೆ ಗಾಲಿ ಏರಿಸಿದರೆ ತಿರುಗುತ್ತೆ, ಜೊತೆಗೆ ಜಾರಿ ಹೊರಕ್ಕೂ ಬರುತ್ತೆ. ಆ ಜಾರಾಟವನ್ನು ಕಡಾಣಿ ಕಿತ್ತುಕೊಳ್ಳುತ್ತೆ. ಕದಕ್ಕೆ ತಿರುಗಣಿ ಇದ್ದರೂ ಅದು ಗೋಡೆಯೊಳಗೆ ತಿರುಗುವುದಿಲ್ಲ, ಗೋಡೆ ಬಂದ ಕಡೆ ನಿಲ್ಲುತ್ತದೆ. ಪರದೆಯ ಕದ ನಿಲ್ಲುವುದಿಲ್ಲ! ಸೊನ್ನೆಯಿಂದ ತೊಂಬತ್ತು ಡಿಗ್ರಿ ಎಂದು ನಾವು ಹದ್ದು ಹಾಕಬೇಕು. ಇದನ್ನು ಲಿಮಿಟ್ ಮೇಟು ಅನ್ನುತ್ತಾರೆ. ಹದ್ದು ಎಂಬ ಮಾತು ನಮಗೆ ಹೊಸದೇನಲ್ಲ. ಊರ ಕಣದ ಯಾವ ಅಂಚಿನ ತನಕ ಬರಬಹುದು, ಎಲ್ಲಿಂದ ಹಿಂದಕ್ಕೆ ಸರಿಯಬೇಕು ಎಂಬುದು ನಮ್ಮಜ್ಜನಿಗೆ ಯಾವ ಸಾಫ್ಟ್‌ವೇರೂ ಹೇಳಿಕೊಡಲಿಲ್ಲ. ತೆನೆ ಕೊಯ್ದವನು ಅವನೇ, ತುಳಿಸಿದವನೂ ಅವನೇ. ರಾಶಿ ಪೂಜೆಯ ಹೊತ್ತಿಗೆ ಮಾತ್ರ ಕಣದಾಚೆ ನಿಂತು, ಕಡೆಗೆ ಗುಡಿಸಿದ ಕಾಳಿಗೆ ಸೆರಗೊಡ್ಡುವ ಅಜ್ಜಿಯ ಪಕ್ಕ ಕೈಕಟ್ಟಿ ನಿಲ್ಲುತ್ತಿದ್ದ.

ನಾವು ಬಳಸುತ್ತಿದ್ದ ಸಾಲಿಡ್‌ವರ್ಕ್ಸ್‌ನಲ್ಲಿ ಇನ್ನೊಂದು ಪದ್ಧತಿ. ಮೊದಲು ತಂದಿಟ್ಟ ಭಾಗ ತಾನಾಗಿ ಅಲ್ಲಾಡದೆ ನಿಂತುಬಿಡುತ್ತದೆ. ಹೆಸರಿನ ಮುಂದೆ ಎಫ್ ಅಕ್ಷರ. ಇನ್ನೂ ಅಲ್ಲಾಡುವ ಭಾಗದ ಮುಂದೆ ಕಳೆಯುವ ಚಿಹ್ನೆ. ಒಂದರ ಮೇಲೊಂದು ಹೊಂದದ ಕಟ್ಟು ಬಿದ್ದು ಸಿಕ್ಕಿಹಾಕಿಕೊಂಡರೆ ಕೂಡುವ ಚಿಹ್ನೆ, ಕೆಂಪು ಬಣ್ಣ. ಮೊದಲು ಬಂದವನು ಅಲ್ಲಾಡುವುದಿಲ್ಲ, ಆಮೇಲೆ ಬಂದವರು ಅವನಿಗೆ ಹೊಂದಿಕೊಳ್ಳಬೇಕು. ಹೊನ್ನಾಳಿಯ ಗೆಳೆಯ ನಕ್ಕು, 'ಇದು ನಮ್ಮೂರ ಪಂಚಾಯ್ತಿಕಟ್ಟೆ ನೋಡಿ ಮಾಡಿದ್ದು ಕಣ್ರೋ' ಅಂದ. ಆದರೆ ಇಲ್ಲಿ ಒಂದು ಸೌಕರ್ಯ: ಎಫ್ ಇರುವ ಭಾಗದ ಮೇಲೆ ಬಲಗುಂಡಿ ಒತ್ತಿ ಅದನ್ನೂ ತೇಲಿಬಿಡಬಹುದು.

ಈ ವಿದ್ಯೆ ತೀರಾ ಹೊಸದೂ ಅಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್‌ಲ್ಯಾಂಡ್ ಎಂಬ ವಿದ್ಯಾರ್ಥಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಗೆರೆ ಎಳೆದು, ಈ ಎರಡು ಗೆರೆ ಸಮಾನಾಂತರವಾಗಿರಲಿ, ಇವು ಒಂದೇ ಉದ್ದ ಇರಲಿ ಎಂದು ಕಟ್ಟು ಹಾಕಿದರೆ ಯಂತ್ರ ಅದನ್ನು ಪಾಲಿಸುತ್ತಿತ್ತು. ಕೊಂಡಿಗಳ ಜೋಡಣೆಯೊಂದನ್ನು ಅಲ್ಲಾಡಿಸಿಯೂ ತೋರಿಸಿದ. ಇವತ್ತಿನ ಮೇಟುಗಳೆಲ್ಲ ಆ ವಂಶದವೇ. ನಮ್ಮ ಪಕ್ಕದ ಹರಿಹರದಲ್ಲಿ ಆ ಕಾಲಕ್ಕಾಗಲೇ, 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥುಗಳು ತಯಾರಾಗುತ್ತಿದ್ದವು. ಆ ಕಾರ್ಖಾನೆ ಈಗಿಲ್ಲ. ಅಲ್ಲಿ ಕೆಲಸ ಕಲಿತವರ ಕೈಗಳು ಮಾತ್ರ ಸುತ್ತಮುತ್ತ ವರ್ಕ್‌ಶಾಪುಗಳಲ್ಲಿ ಸಿಗುತ್ತವೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಲ್ಲರೂ ರೋಬೋಟಿನ ತೋಳು, ಡ್ರೋನು ಎಂದು ಬರೆದುಕೊಟ್ಟರು. ನಾವು ಒಕ್ಕಣೆ ಮಿಷನ್ನು ಎಂದು ಬರೆದೆವು. ಮೇಷ್ಟ್ರು, 'ಅದರಲ್ಲೇನಿದೆ ಹೊಸದು?' ಎಂದರು. ನಾವು ಬಾಯಿ ಬಿಡಲಿಲ್ಲ.

2016ರ ಸುಗ್ಗಿ. ನಾವು ಎಂಟನೇ ಕ್ಲಾಸು. ನಮ್ಮವ್ವ ರಾಗಿ ಒಕ್ಕಲು ಮಿಷನ್ನಿಗೆ ಸಿವುಡು ಕೊಡುವ ಕೂಲಿಗೆ ಹೋಗಿದ್ದಳು. ಟ್ರ್ಯಾಕ್ಟರಿಗೆ ಸಿಕ್ಕಿಸಿದ ಮಿಷನ್ನು. ಬೆಳಗಿನ ಜಾವಕ್ಕೆ ಶುರು ಮಾಡಿದ್ದು, ಬಿಸಿಲೇರುವ ಹೊತ್ತಿಗೆ ಧೂಳಿನಲ್ಲಿ ಮುಖ ಕಾಣುತ್ತಿರಲಿಲ್ಲವಂತೆ. ಒಂದು ಸಿವುಡಿನ ಕಟ್ಟು ಬಿಚ್ಚಿರಲಿಲ್ಲ. ಹುಲ್ಲು ಬೆರಳಿಗೆ ಸುತ್ತಿಕೊಂಡು ಎಳೆಯಿತು. ಬಲಗೈಯ ಮೂರು ಬೆರಳು – ತೋರು, ನಡು, ಉಂಗುರ – ಬುಡದಿಂದ ಹೋದವು. ಹೆಬ್ಬೆರಳೂ ಕಿರುಬೆರಳೂ ಉಳಿದವು. ಸುದ್ದಿ ಬಂದಾಗ ನಾವು ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿದ್ದೆವು.

ಮಿಷನ್ ಯಜಮಾನ ಆಸ್ಪತ್ರೆ ಖರ್ಚು ಕೊಟ್ಟ, ಮೇಲೆ ಹತ್ತು ಸಾವಿರ ಕೊಟ್ಟ. ಊರು, 'ಒಳ್ಳೆ ಮನುಷ್ಯ, ಬೇರೆಯವನಾಗಿದ್ರೆ ಇಷ್ಟೂ ಕೊಡ್ತಿರಲಿಲ್ಲ' ಅಂದಿತು. 'ಆಕೆ ಗ್ಯಾನ ಎಲ್ಲಿಟ್ಟಿದ್ಲೋ' ಎಂದೂ ಅಂದಿತು. ನಮ್ಮವ್ವನೂ ಅದನ್ನೇ ನಂಬಿದಳು. ಎಷ್ಟೋ ವರ್ಷ, ರೊಟ್ಟಿ ತಟ್ಟುವಾಗ ಹಿಟ್ಟು ಕೈತಪ್ಪಿದರೆ, 'ನಂದೇ ತಪ್ಪು, ನಿದ್ದೆಗಣ್ಣಾಗಿದ್ದೆ' ಎನ್ನುತ್ತಿದ್ದಳು.

ಆ ಮಿಷನ್ನೇ ನಮಗೆ ಬೇಕಾಗಿತ್ತು. 2025ರಲ್ಲಿ, ಟೇಪು ಹಿಡಿದು ನಾಲ್ವರೂ ಊರಿಗೆ ಹೋದೆವು. ಮಿಷನ್ನು ಯಜಮಾನನ ಹಿತ್ತಲಲ್ಲಿ, ಟಾರ್ಪಾಲಿನ ಕೆಳಗೆ, ಹೊಸ ಬೆಲ್ಟು ಹಾಕಿಸಿಕೊಂಡು ಕೂತಿತ್ತು. 'ಏನ್ರೋ ಅಳೀತೀರಿ? ಕೇಸ್ ಗೀಸ್ ಹಾಕ್ತೀರೇನ್ರೋ?' ಅಂದ ಯಜಮಾನ. 'ಕಾಲೇಜಿನ ಕೆಲಸ ಕಣಣ್ಣ' ಅಂದೆವು. ನ್ಯಾಮತಿಯಾಕೆಯ ಬ್ಯಾಗು, ಕನ್ನಡಕ ನೋಡಿ, 'ಮೇಡಂನೋರು ಯಾವೂರು?' ಅಂದ. 'ಸೂರಗೊಂಡನಕೊಪ್ಪದ ಹತ್ರ' ಅಂದಳು. ಆತನಿಗೆ ತಾಂಡಾ ಎಂದು ತಿಳಿಯಿತು. ಕೂರಲು ತರಿಸಿದ್ದ ಕುರ್ಚಿ ಅಲ್ಲೇ ಬಾಗಿಲಲ್ಲಿ ಉಳಿಯಿತು. ಅಳೆಯಬೇಡಿ ಎನ್ನಲಿಲ್ಲ, ಅದು ನಮಗೆ ಸಾಕಿತ್ತು.

ಸಿವುಡು ಒಳಗೆ ತಳ್ಳುವ ತಗಡಿನ ದೋಣಿಗೆ ನಮ್ಮ ಕಡೆ ಮಿಷನ್ ಬಾಯಿ ಅನ್ನುತ್ತಾರೆ. ಬಾಯಿಯ ಅಂಚಿನಿಂದ ಡ್ರಮ್ಮಿನ ಹಲ್ಲಿನ ತನಕ ಟೇಪು ಹಿಡಿದೆವು: 410 ಮಿಲಿಮೀಟರ್. ಅಂಚು ನೇರವಾಗಿರಲಿಲ್ಲ, ಕಡಿದ ಗುರುತು ಇತ್ತು. ಗ್ಯಾಸ್ ಕಟರಿನಿಂದ ತುಂಡು ಮಾಡಿ, ಮೇಲಿನ ಮುಚ್ಚಳವನ್ನೂ ತೆಗೆದಿದ್ದರು. ಬಾಯಿ ಗಿಡ್ಡ ಇದ್ದರೆ ಸಿವುಡು ಬೇಗ ಹೋಗುತ್ತೆ. ಗಂಟೆ ಲೆಕ್ಕದ ಬಾಡಿಗೆ ಕೊಡುವ ರೈತನಿಗೂ ಬೇಗ ಮುಗಿದರೆ ಸಂತೋಷ, ದಿನಕ್ಕೆ ಇನ್ನೊಂದು ಕಣ ಸಿಕ್ಕರೆ ಯಜಮಾನನಿಗೂ ಸಂತೋಷ.

ಒಕ್ಕಣೆ ಮಿಷನ್ನಿನ ಸುರಕ್ಷತೆಗೆಂದೇ ಭಾರತೀಯ ಮಾನಕವೊಂದಿದೆ, ಐಎಸ್ 9020. ಅದರ ಪ್ರಕಾರ ಬಾಯಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಬೇಕು, ಅದರಲ್ಲಿ ಕನಿಷ್ಠ 450 ಮೇಲಿನಿಂದ ಮುಚ್ಚಿರಬೇಕು. ನಾವು ಆ ಹಾಳೆಯನ್ನು ಓದಿದ್ದು ಲ್ಯಾಬಿನಲ್ಲಿ, ಸಂಜೆ, ಎಲ್ಲರೂ ಹೋದ ಮೇಲೆ. ಯಾರೂ ಮಾತಾಡಲಿಲ್ಲ. ಒಂಬತ್ತು ವರ್ಷ ನಮ್ಮವ್ವ ನಿದ್ದೆಗಣ್ಣು ಎಂದುಕೊಂಡಿದ್ದ ತಪ್ಪು 490 ಮಿಲಿಮೀಟರ್ ಉದ್ದದ ತಗಡಾಗಿತ್ತು.

ಆಮೇಲೆ ಕಾಯ್ದೆಗಳನ್ನು ಹುಡುಕಿದೆವು. ಒಕ್ಕಣೆ ಮಿಷನ್ನುಗಳು ಕೈ ತಿನ್ನುವುದನ್ನು ನೋಡಿಯೇ 1983ರಲ್ಲಿ ಪಾರ್ಲಿಮೆಂಟು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತ್ತು. ಇನ್ನೂ ಹಿಂದೆ, 1923ರ ಕಾರ್ಮಿಕರ ಪರಿಹಾರ ಕಾಯ್ದೆ. 2016ರಲ್ಲಿ ಅದು ಜಾರಿಯಲ್ಲಿತ್ತು. ಯಂತ್ರಬಲದಿಂದ ನಡೆಯುವ ಬೇಸಾಯದ ಕೂಲಿಯೂ ಅದರೊಳಗೆ ಬರುತ್ತಿತ್ತು. ಅದರ ಪಟ್ಟಿಯಲ್ಲಿ ಒಂದು ಸಾಲು: ಒಂದು ಕೈಯ ಮೂರು ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ಚನ್ನಗಿರಿಯ ಗೆಳೆಯ ಕ್ಯಾಲ್ಕುಲೇಟರ್ ಒತ್ತಿದ. ಆಗ ಅವ್ವನಿಗೆ ಮೂವತ್ತೈದು ವರ್ಷ, ಆ ವಯಸ್ಸಿಗೆ ಕಾಯ್ದೆಯ ಗುಣಕ 197.06. ತಿಂಗಳಿಗೆ ಐದು ಸಾವಿರ ಕೂಲಿ ಎಂದಿಟ್ಟುಕೊಂಡರೆ ಅದರ ಶೇಕಡಾ 60 ಮೂರು ಸಾವಿರ, ಗುಣಿಸಿದರೆ 5,91,180, ಅದರ ಶೇಕಡಾ 30 ಎಂದರೆ 1,77,354 ರೂಪಾಯಿ. ಕೇಳಿಕೊಳ್ಳಲು ಎರಡು ವರ್ಷದ ಗಡುವು. ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಕಮಿಷನರು ಮನ್ನಿಸಬಹುದು ಎಂದೂ ಇತ್ತು. ನಮ್ಮ ಕಾರಣ: ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನ ಪಾಠದಲ್ಲಿ ಇರಲಿಲ್ಲ.

ಲೆಕ್ಕ ಮುಗಿಸಿ ನಾವು ಮಾಡೆಲ್ಲಿಗೆ ಕೂತೆವು. ಇದು ಒಂದೂವರೆ ತಿಂಗಳ ಕೆಲಸವಾಯಿತು.

ಒಕ್ಕಣೆ ಮಿಷನ್ನಿಗೆ ಹೊರಗಿನಿಂದ ಬರುವ ಚಲನೆ ಒಂದೇ, ಟ್ರ್ಯಾಕ್ಟರಿನ ಪಿಟಿಓ ಶಾಫ್ಟಿನದು. ಅದೊಂದು ತಿರುಗಿದರೆ ಡ್ರಮ್ಮು, ಫ್ಯಾನು, ಜರಡಿ ಎಲ್ಲವೂ ತಿರುಗಬೇಕು, ಅಲ್ಲಾಡಬೇಕು. ಅಂದರೆ ಇಡೀ ಜೋಡಣೆಯಲ್ಲಿ ಕೊನೆಗೆ ಒಂದೇ ಒಂದು ಸ್ವಾತಂತ್ರ್ಯ ಉಳಿಯಬೇಕು. ಎರಡು ಉಳಿದರೆ ಎಲ್ಲೋ ಒಂದು ಭಾಗ ಕೇಳದೆ ಜೋತಾಡುತ್ತದೆ. ಸೊನ್ನೆಯಾದರೆ ಬಿಗಿದುಕೊಂಡು ನಿಲ್ಲುತ್ತದೆ. ಜರಡಿಯನ್ನು ಅಲ್ಲಾಡಿಸುವುದು ಗಾಲಿಯ ನಡುವಿನಿಂದ ತುಸು ಸರಿದು ಕೂತ ಒಂದು ಮೊಳೆ ಮತ್ತು ಕೊಂಡಿ. ಚೌಕಟ್ಟನ್ನೂ ಸೇರಿಸಿ ನಾಲ್ಕು ತುಂಡು, ನಾಲ್ಕು ಕೀಲು. ಒಂದೇ ಸಮತಲದಲ್ಲಿ ಆಡುವ ಕೊಂಡಿಗಳಿಗೆ ಲೆಕ್ಕ ಹೀಗೆ: ತುಂಡುಗಳಲ್ಲಿ ಒಂದು ಕಳೆದು ಮೂರರಿಂದ ಗುಣಿಸು, ಒಂಬತ್ತು; ಕೀಲುಗಳನ್ನು ಎರಡರಿಂದ ಗುಣಿಸು, ಎಂಟು; ಒಂಬತ್ತರಲ್ಲಿ ಎಂಟು ಹೋದರೆ ಒಂದು. ನ್ಯಾಮತಿಯಾಕೆ ಇದನ್ನು ಬಾಯಲ್ಲೇ ಮಾಡುತ್ತಿದ್ದಳು. ಕಾಫಿ ಸೀಮೆಗೆ ಗುಳೆ ಹೋದಾಗ ಇಡೀ ತಾಂಡಾದ ವಾರದ ಕೂಲಿ ಲೆಕ್ಕವನ್ನು ಹತ್ತು ವರ್ಷದ ಹುಡುಗಿ ಮಾಡುತ್ತಿದ್ದಳಂತೆ, ರೈಟರ್ ತಪ್ಪು ಬರೆದರೆ ಹಿಡಿಯುತ್ತಿದ್ದಳಂತೆ.

ಡ್ರಮ್ಮಿನ ಎರಡೂ ಬೇರಿಂಗುಗಳಿಗೆ ಮೇಟು ಹಾಕಿದಾಗ ಎಲ್ಲ ಕೆಂಪಾಯಿತು. ಮೊದಲ ಬೇರಿಂಗೇ ಶಾಫ್ಟಿನ ನಾಲ್ಕು ಚಲನೆ ಕಿತ್ತುಕೊಂಡಿತ್ತು. ಎರಡನೆಯದು ಅದನ್ನೇ ಮತ್ತೆ ಕೇಳುತ್ತಿತ್ತು. ಎರಡು ತೂತು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಗೆರೆಯಲ್ಲಿದ್ದರೆ ಸುಮ್ಮನಿರುತ್ತಿತ್ತು. ನಾವು ಹಿತ್ತಲಲ್ಲಿ ಅಳೆದ ಹಾಗೆ ಬರೆದಿದ್ದೆವು, ಅಲ್ಲಿ ಎರಡು ಮಿಲಿಮೀಟರ್ ಸೊಟ್ಟ. ಕಂಪ್ಯೂಟರ್ ಆಗುವುದಿಲ್ಲ ಅನ್ನುತ್ತದೆ. ಊರ ಮೇಸ್ತ್ರಿ ಸುತ್ತಿಗೆ ತಗೊಂಡು ಎರಡು ಬಡಿದು ಕೂರಿಸುತ್ತಾನೆ. ಮಿಷನ್ನು ನಡುಗುತ್ತಾ ಹತ್ತು ವರ್ಷ ಓಡುತ್ತದೆ, ಆ ನಡುಕ ಎದುರಿಗೆ ನಿಂತವಳ ಮೊಣಕಾಲಿಗೆ ಹೋಗುತ್ತದೆ.

ಪಿಟಿಓ ಶಾಫ್ಟಿನದು ಇನ್ನೊಂದು ಕಥೆ. ಅದು ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ ಒಂಬತ್ತು. ನಾವು ಅಳೆದ ಕಡೆ ಅದರ ಕೀಲಿನ ಅಡ್ಡಳತೆ ಎಂಟು ಸೆಂಟಿಮೀಟರ್, ಸುತ್ತಳತೆ ಇಪ್ಪತ್ತೈದು. ಅಂದರೆ ಸೆರಗಿನ ತುದಿಯೊಂದು ಸಿಕ್ಕರೆ ಒಂದು ಸೆಕೆಂಡಿಗೆ ಎರಡೂಕಾಲು ಮೀಟರ್ ಬಟ್ಟೆ ಒಳಗೆ. ಸೀರೆ ಐದೂವರೆ ಮೀಟರ್. ಅದರ ಮೇಲೂ ಹೊದಿಕೆ ಇರಲಿಲ್ಲ.

ಇಷ್ಟಾದ ಮೇಲೆ ನಾವು ಮಿಷನ್ನಿನ ಮುಂದೆ ಒಂದು ಕೈ ನಿಲ್ಲಿಸಬೇಕೆಂದುಕೊಂಡೆವು.

ಅಳತೆಗೆ ಮತ್ತೆ ಊರಿಗೆ ಹೋದೆವು. ಅವ್ವನ ಬಲಗೈಗೆ ಟೇಪು ಹಿಡಿಯಲು ಹೋದಾಗ ಆಕೆ ಕೈ ಹಿಂದಕ್ಕೆಳೆದುಕೊಂಡು, 'ಬಲಗೈ ಅಳೆದ್ರೆ ಲೆಕ್ಕ ತಪ್ಪುತ್ತೆ ಕಣಪ್ಪ, ಎಡಗೈ ಅಳ್ಕಳ್ರಿ' ಅಂದಳು. ಹೆಗಲಿನಿಂದ ನಡುಬೆರಳ ತುದಿಗೆ 660 ಮಿಲಿಮೀಟರ್. ಒಂದೊಂದು ಬೆರಳಿನ ಒಂದೊಂದು ಗೆಣ್ಣನ್ನೂ ಅಳೆದೆವು. ಹೊನ್ನಾಳಿಯವ ಬರೆದುಕೊಳ್ಳುತ್ತಿದ್ದ, ಅವ್ವ ನಗುತ್ತಿದ್ದಳು, 'ಬಳೆ ಮಾಡಿಸ್ತೀರೇನ್ರೋ?'

ಮನುಷ್ಯನ ತೋಳು ಅದ್ಭುತವಾದ ಜೋಡಣೆ. ಹೆಗಲಿಗೆ ಮೂರು ಸ್ವಾತಂತ್ರ್ಯ, ಮೊಣಕೈಗೆ ಒಂದು, ಮುಂಗೈ ಹೊರಳುವುದು ಒಂದು, ಮಣಿಕಟ್ಟಿಗೆ ಎರಡು, ಒಟ್ಟು ಏಳು. ಆಕಾಶದಲ್ಲಿ ಒಂದು ವಸ್ತುವನ್ನು ಎಲ್ಲಿ ಹೇಗೆ ಬೇಕಾದರೂ ಹಿಡಿಯಲು ಆರು ಸಾಕು. ನಮಗೆ ಒಂದು ಹೆಚ್ಚು ಸಿಕ್ಕಿದೆ. ಒಂದೊಂದು ಬೆರಳಿಗೆ ನಾಲ್ಕು: ಬುಡದ ಗೆಣ್ಣು ಮಡಚುತ್ತದೆ, ಅಗಲಿಸುತ್ತದೆ, ಮೇಲಿನ ಎರಡು ಗೆಣ್ಣು ಮಡಚುತ್ತವೆ ಅಷ್ಟೆ. ಮೂರು ಬೆರಳಿಗೆ ಹನ್ನೆರಡು. ಕಾಯ್ದೆ ಶೇಕಡಾ 30 ಅಂದದ್ದನ್ನು ಪರದೆ ಹನ್ನೆರಡು ಸ್ವಾತಂತ್ರ್ಯ ಅಂದಿತು. ಯಜಮಾನ ಹತ್ತು ಸಾವಿರ ಅಂದಿದ್ದ.

ಒಂದೊಂದು ಕೀಲಿಗೂ ಹದ್ದು ಹಾಕಬೇಕಿತ್ತು. ಹಾಕದಿದ್ದರೆ ಮೊಣಕೈ ಹಿಂದಕ್ಕೆ ಮಡಚಿ ನೋಡಲಾಗದ ಹಾಗೆ ಆಗುತ್ತಿತ್ತು. ಕಾಲೇಜಿನ ಸಾಫ್ಟ್‌ವೇರು ಲ್ಯಾಬಿನ ಹೊರಗೆ ತೆರೆಯುವುದಿಲ್ಲ, ಅದರ ಲೈಸೆನ್ಸಿನ ಬೆಲೆ ನಮ್ಮ ಬಾಯಲ್ಲಿ ಹೇಳುವಂಥದಲ್ಲ. ಹಾಗಾಗಿ ರಾತ್ರಿ ಹಾಸ್ಟೆಲಿನಲ್ಲಿ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ, ಫ್ರೀಕ್ಯಾಡ್ ಎಂಬುದರಲ್ಲಿ ಕೈ ಕಟ್ಟಿದೆವು. ಇದು ಕಾಸಿಲ್ಲದೆ ಸಿಗುವ, ಯಾರು ಬೇಕಾದರೂ ಒಳಗು ಬಿಚ್ಚಿ ನೋಡಬಹುದಾದ ಸಾಫ್ಟ್‌ವೇರು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿಯಲ್ಲಿ ಜೋಡಣೆಯ ವಿಭಾಗವೂ ಸೇರಿಕೊಂಡಿತ್ತು. ಅಲ್ಲಿ ಮೇಟು ಎನ್ನುವುದಿಲ್ಲ, ಜಾಯಿಂಟ್ ಅನ್ನುತ್ತಾರೆ – ಕೀಲು. ಹಳ್ಳಿಯ ಶಾಲೆಗಳಲ್ಲಿ ಪಾಠ ಮಾಡುವ ಮೇಷ್ಟ್ರುಗಳು ಇದನ್ನೊಮ್ಮೆ ತೆರೆದು ನೋಡಬೇಕು. ಬಂಡಿಗಾಲಿಯಿಂದ ಶುರು ಮಾಡಿದರೆ ಹೈಸ್ಕೂಲು ಮಕ್ಕಳಿಗೂ ಹಿಡಿಸುತ್ತದೆ.

ಎಡಗೈ ಮುಗಿದಾಗ ಬೆಳಗಿನ ಮೂರು ಗಂಟೆ. ಅವ್ವ ಮಿಷನ್ನಿಗೆ ಕೊಡುತ್ತಿದ್ದುದು ಬಲಗೈಯಿಂದ. ಕನ್ನಡಿಯಲ್ಲಿ ತಿರುವಿದಂತೆ ತಿರುವಿಹಾಕುವ ಆಜ್ಞೆ ಒಂದಿದೆ, ಮಿರರ್. ಒತ್ತಿದೆವು. ಅವ್ವನ ಬಲಗೈ, ಐದೂ ಬೆರಳು ಸಮೇತ, ಪರದೆಯ ನಡುವೆ ಬಂದು ನಿಂತಿತು. ನಾವು ನಾಲ್ವರೂ ಅದನ್ನು ನೋಡುತ್ತಾ ಕೂತೆವು. ಆ ರಾತ್ರಿ ಮುಂದೆ ಕೆಲಸ ಮಾಡಲಿಲ್ಲ.

ಮರುದಿನ ಹೆಗಲನ್ನು ಮಿಷನ್ ಬಾಯಿಯ ಅಂಚಿಗೆ ಇಟ್ಟು, ಬೆರಳ ತುದಿಯನ್ನು ಹಿಡಿದು ಎಳೆದೆವು. 410ರ ಬಾಯಿಯಲ್ಲಿ ಕೈ ಪೂರ್ತಿ ಚಾಚುವ ಮೊದಲೇ ಡ್ರಮ್ಮು ಮುಟ್ಟಿತು. ಪೂರ್ತಿ ಚಾಚಿದರೆ 250 ಮಿಲಿಮೀಟರ್ ಒಳಗೆ. ಭಾಗ ಭಾಗದೊಳಗೆ ನುಗ್ಗಿದ್ದನ್ನು ಹುಡುಕುವ ಪರೀಕ್ಷೆ ನಡೆಸಿದರೆ ಮೂರು ಬೆರಳಿನ ಜಾಗ ಕೆಂಪಾಯಿತು. ನಾವು ಹೇಳಿಕೊಟ್ಟಿರಲಿಲ್ಲ. ತೋರು, ನಡು, ಉಂಗುರ. ಆಮೇಲೆ ಬಾಯಿಯನ್ನು 900ಕ್ಕೆ ಉದ್ದ ಮಾಡಿ, ಮುಚ್ಚಳ ಹಾಕಿ, ಮತ್ತೆ ಎಳೆದೆವು. ಡ್ರಮ್ಮಿಗೆ ಇನ್ನೂ 240 ಮಿಲಿಮೀಟರ್ ಇರುವಾಗ ಕೈ ನಿಂತಿತು. ಎಷ್ಟು ಎಳೆದರೂ ಮುಂದೆ ಹೋಗಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಜರಡಿಯ ಕೊಂಡಿ ಮೆಚ್ಚಿದರು. ಕೈ ಕಂಡಾಗ, 'ಇದೇನು? ಅಸೆಂಬ್ಲಿಯಲ್ಲಿ ಕೈ ಯಾಕೆ ಬಂತು? ಭಾಗಗಳ ಪಟ್ಟಿಯಲ್ಲಿ ಇದಿಲ್ಲವಲ್ಲ?' ಅಂದರು. ನಾವು, 'ಸಾರ್, ಈ ಮಿಷನ್ನು ಕೈ ಇಲ್ಲದೆ ಓಡುವುದಿಲ್ಲ' ಅಂದೆವು. ಅವರು ಕೆಟ್ಟವರೇನಲ್ಲ. ಸ್ವಲ್ಪ ಹೊತ್ತು ನೋಡಿ, 'ಚೆನ್ನಾಗಿದೆ, ಆದರೆ ಇದು ಮೆಕ್ಯಾನಿಕಲ್ ಅಲ್ಲ' ಎಂದು ಮುಂದಿನ ತಂಡದ ಡ್ರೋನಿನ ಕಡೆ ಹೋದರು. ಪಾಸಾದೆವು.

ಅದೇ ವಾರ ಲ್ಯಾಪ್‌ಟಾಪು ಹೊತ್ತು ಜಗಳೂರು ಬಸ್ಸು ಹಿಡಿದೆವು. ಅವ್ವ ಹಟ್ಟಿಯ ಬಾಗಿಲಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಕಾಯಿ ಹಿಡಿದು ಒತ್ತುವ ರೀತಿ ಆಕೆಯೇ ಕಂಡುಕೊಂಡದ್ದು. ಪರದೆಯ ಮೇಲೆ ಕೈ ತೋರಿಸಿದೆವು.

'ಇದ್ಯಾರ ಕೈಯೋ?'

'ನಿಂದೇ ಅವ್ವ. ಬಲಗೈ. ಎಡಗೈನೇ ತಿರುವಿ ಹಾಕಿದ್ದು.'

ಆಕೆ ಸುಮ್ಮನಾದಳು. ತನ್ನ ಕೈ ನೋಡಿಕೊಳ್ಳಲಿಲ್ಲ, ಪರದೆಯನ್ನೇ ನೋಡಿದಳು. ನಾವು ಗಿಡ್ಡ ಬಾಯಿ, ಕೆಂಪಾಗುವ ಬೆರಳು, ಉದ್ದ ಬಾಯಿ, ನಿಲ್ಲುವ ಕೈ ಎಲ್ಲ ತೋರಿಸಿ, ತಗಡು ಕೊಯ್ದದ್ದು ಹೇಳಿದೆವು. 'ನಿಂದು ತಪ್ಪಿರಲಿಲ್ಲ ಅವ್ವ' ಅಂದೆವು. ಇದನ್ನು ಹೇಳುವುದಕ್ಕೇ ಅಷ್ಟು ದೂರ ಬಂದಿದ್ದೆವು. ಆಕೆ ಅದಕ್ಕೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ದು ಬೇರೆಯೇ.

'ಇಷ್ಟುದ್ದ ಬಾಯಿ ಮಟ್ಟಸ ಮಾಡೀರಲ್ಲ, ಸಿವುಡು ಅಲ್ಲೇ ಕೂರುತ್ತೆ. ಕೈಗೆ ಸಿಗಲ್ಲ, ಒಳಗೂ ಹೋಗಲ್ಲ. ಹೆಂಗಸ್ರು ಏನ್ಮಾಡ್ತಾರೆ ಗೊತ್ತೈತಾ? ಬಗ್ಗಿ ತಲೆ ಒಳಗಾಕಿ ತಳ್ತಾರೆ. ಕೈ ಉಳಿಸಾಕೋಗಿ ತಲೆ ಕೊಡಿಸ್ತೀರೇನ್ರೋ?'

ಒಂದೂವರೆ ತಿಂಗಳು ಕೂತ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ನಮ್ಮ ಮಾಡೆಲ್ಲಿನಲ್ಲಿ ಸಿವುಡೇ ಇರಲಿಲ್ಲ. ಕಂಪ್ಯೂಟರಿಗೆ ಭಾರ ಗೊತ್ತಿಲ್ಲ ಎಂದು ಬೀಸುವ ಕಲ್ಲಿನಲ್ಲಿ ಕಲಿತದ್ದನ್ನು ನಾವೇ ಮರೆತಿದ್ದೆವು. ಅಲ್ಲೇ ಬಾಗಿಲಲ್ಲಿ ಕೂತು ಬಾಯಿಯ ಬುಡಕ್ಕೆ ಒಂದು ತಿರುಗಣಿ ಕೀಲು ಕೊಟ್ಟು, ಹದ್ದು ಹಾಕಿ, ಹೊರತುದಿಯನ್ನು ಮೇಲೆತ್ತಿದೆವು. ಐದು ಡಿಗ್ರಿ. 'ಇನ್ನೊಂಚೂರು.' ಹತ್ತು. 'ಇನ್ನೊಂಚೂರು ಎತ್ರಿ. ಹಾಂ. ಈಗ ಜಾರುತ್ತೆ.' ಆಮೇಲೆ, 'ಆದ್ರೂ ಒಂದು ಕವಲುಕೋಲು ಬೇಕು. ತಳ್ಳಾಕೆ ಕೈ ಬ್ಯಾಡ, ಕೋಲು ಇರ್ಲಿ. ಜೊತೆಗೆ ಕೋಲು ಕೊಡದಿದ್ರೆ ಮಿಷನ್ನೇ ಕೊಡಬ್ಯಾಡ್ರಿ.' ಟಚ್‌ಪ್ಯಾಡಿನ ಮೇಲೆ ಕಿರುಬೆರಳಿಟ್ಟು ತಾನೇ ಬಾಯಿಯನ್ನು ಎತ್ತಿ ಇಳಿಸಿ ನೋಡಿದಳು.

ಬಾಯಿಯನ್ನು ಅಷ್ಟು ಎತ್ತಿದಾಗ ಮುಚ್ಚಳ ಫ್ಯಾನಿನ ಬೆಲ್ಟಿಗೆ ತಾಗಿ ಕೆಂಪಾಯಿತು. ಬೆಲ್ಟಿನ ಗಾಲಿಯನ್ನು ಸರಿಸಿ ಮತ್ತೆ ಎಲ್ಲ ಕೀಲನ್ನೂ ಹೊಂದಿಸಲು ಇನ್ನೆರಡು ದಿನ ಹಿಡಿಯಿತು.

ಆ ಅಳತೆ ತಗೊಂಡು ಜಗಳೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಬಾಯಿ ಮಾಡಿಸಿದೆವು. ನಾಲ್ವರೂ ಸೇರಿ ದುಡ್ಡು ಹಾಕಿದೆವು. ಯಜಮಾನನ ಹತ್ತಿರ ಹೋಗಿ, ಕಾಸು ಬೇಡಣ್ಣ, ನಾವೇ ಕೂರಿಸಿಕೊಡ್ತೀವಿ ಅಂದೆವು. 'ನೋಡಾನ, ಸುಗ್ಗಿ ಬರ್ಲಿ' ಅಂದ. ಸುಗ್ಗಿ ಬಂತು, 'ಈಗ ಟೈಮಿಲ್ಲ, ಮುಗೀಲಿ' ಅಂದ. ಕೇರಿಯ ಹೆಂಗಸರು ಈ ಸಲ ಒಂದು ಮಾತಾಡಿಕೊಂಡರು: ಬಾಯಿ ಹಾಕದಿದ್ದರೆ ಸಿವುಡು ಕೊಡುವುದಕ್ಕೆ ಬರುವುದಿಲ್ಲ. ಎಂಟು ಜನರಲ್ಲಿ ಐವರು ನಿಂತರು, ಮೂವರು ಹೋದರು. ಹೋದವರ ಮನೆಯ ಪರಿಸ್ಥಿತಿ ನಮಗೆ ಗೊತ್ತು, ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವ್ವ ಹೋದವರ ಕೈಗೆ ಒಂದೊಂದು ಕವಲುಕೋಲು ಕಡಿದು ಕೊಟ್ಟಳು.

ಪರಿಹಾರದ ಅರ್ಜಿ ಬರೆದಿದ್ದೇವೆ. ತಡವಾದ ಕಾರಣ ಎಂಬ ಜಾಗದಲ್ಲಿ ನಾಲ್ಕು ಸಲ ಬರೆದು ಹೊಡೆದುಹಾಕಿದ್ದೇವೆ. ತಗಡಿನ ಬಾಯಿ ಈಗ ನಮ್ಮ ಹಟ್ಟಿಯ ಗೋಡೆಗೆ ಒರಗಿಕೊಂಡಿದೆ. ಒಳಗೆ ನೆರಳಿರುವುದರಿಂದ ಮಧ್ಯಾಹ್ನ ಹೇಂಟೆ ಹೋಗಿ ಕೂರುತ್ತದೆ. ಮೊನ್ನೆ ಅವ್ವ ಮೊಟ್ಟೆ ತೆಗೆಯಲು ಕೈ ಹಾಕಿದರೆ ಎಟುಕಲಿಲ್ಲವಂತೆ. 'ಅಳತೆ ಸರಿಯಾಗೈತೆ ಬಿಡ್ರಿ' ಎಂದು ಫೋನಿನಲ್ಲಿ ಹೇಳಿದಳು.